ಕಂದು ಹಲ್ಲಿನ ಊರಿಗೆ ಬಂದ ಡಾಕ್ಟರ್: ಟೂತ್‌ಪೇಸ್ಟ್‌ನ ಫ್ಲೋರೈಡ್ ಹಿಂದೆ 30 ವರ್ಷಗಳ ಹುಡುಕಾಟ

ಮನೆಯ ಬಚ್ಚಲಲ್ಲಿರುವ ಟೂತ್‌ಪೇಸ್ಟ್ ಟ್ಯೂಬನ್ನು ಒಮ್ಮೆ ತಿರುಗಿಸಿ ನೋಡಿ. ಬಹುತೇಕ ಪೇಸ್ಟ್‌ಗಳ ಬೆನ್ನಮೇಲೆ ಸಣ್ಣ ಅಕ್ಷರದಲ್ಲಿ ಫ್ಲೋರೈಡ್ ಎಂಬ ಹೆಸರು ಇದ್ದೇ ಇರುತ್ತದೆ. ಹಲ್ಲು ಹುಳುಕಾಗದಂತೆ ತಡೆಯುವ ವಸ್ತು ಇದು ಎಂದು ಈಗ ಶಾಲಾ ಮಕ್ಕಳಿಗೂ ಗೊತ್ತು. ಆದರೆ ಹುಳುಕಿಗೆ ಮದ್ದು ಹುಡುಕಲು ಹೊರಟವರು ಯಾರೂ ಇದನ್ನು ಕಂಡುಹಿಡಿಯಲಿಲ್ಲ. ಹಲ್ಲಿನ ಅಂದ ಕೆಡಿಸುತ್ತಿದ್ದ ಒಂದು ಕೊಳಕು ಕಲೆಯ ಬೆನ್ನು ಹತ್ತಿ ಹೋದ ಅಮೆರಿಕದ ಸಾಮಾನ್ಯ ದಂತವೈದ್ಯರೊಬ್ಬರು, ತಮಗೇ ಗೊತ್ತಿಲ್ಲದಂತೆ ಈ ದಾರಿ ತೆರೆದರು. ಅವರ ಹೆಸರು ಫ್ರೆಡರಿಕ್ ಮೆಕೇ.

ದಂತವೈದ್ಯಕೀಯ ಓದಿದವರಿಗೆ ಈ ಹೆಸರು ಮೊದಲ ವರ್ಷದಲ್ಲೇ ಪರಿಚಯವಾಗುತ್ತದೆ. ಉಳಿದವರ ಬಾಯಲ್ಲಿ ಮಾತ್ರ ಅವರ ಕೆಲಸ ದಿನಾ ಇರುತ್ತದೆ, ಹೆಸರು ಇರುವುದಿಲ್ಲ.

ಪೂರ್ವದಿಂದ ಬೆಟ್ಟದ ಊರಿಗೆ

ಮೆಕೇ ಹುಟ್ಟಿದ್ದು 1874ರಲ್ಲಿ, ಅಮೆರಿಕದ ಪೂರ್ವ ಭಾಗದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ದಂತವೈದ್ಯಕೀಯ ಓದಿ 1900ರಲ್ಲಿ ಪದವಿ ಪಡೆದರು. ಮರುವರ್ಷವೇ ಗಂಟುಮೂಟೆ ಕಟ್ಟಿ ಪಶ್ಚಿಮದ ಕಡೆ ಹೊರಟರು. ತಲುಪಿದ್ದು ಕೊಲರಾಡೊ ಸ್ಪ್ರಿಂಗ್ಸ್‌ಗೆ. ಪೈಕ್ಸ್ ಪೀಕ್ ಎಂಬ ದೊಡ್ಡ ಬೆಟ್ಟದ ತಪ್ಪಲಿನಲ್ಲಿರುವ ಈ ಊರು ಒಳ್ಳೆಯ ಗಾಳಿಗೆ ಹೆಸರಾಗಿತ್ತು. ಕ್ಷಯಕ್ಕೆ ಔಷಧಿ ಇಲ್ಲದ ಕಾಲ ಅದು. ದೇಶದ ನಾನಾ ಕಡೆಯಿಂದ ರೋಗಿಗಳು ಬೆಟ್ಟದ ಗಾಳಿ ನಂಬಿ ಅಲ್ಲಿಗೆ ಬರುತ್ತಿದ್ದರು. ಹೊಸ ದಂತವೈದ್ಯನಿಗೆ ಕೆಲಸಕ್ಕೆ ಕೊರತೆ ಇರಲಿಲ್ಲ.

ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದ ಸ್ಥಳೀಯರನ್ನು ನೋಡಿ ಮೆಕೇ ಬೆಚ್ಚಿದರು. ಒಬ್ಬರಲ್ಲ, ಇಬ್ಬರಲ್ಲ, ಆ ಊರಲ್ಲೇ ಹುಟ್ಟಿ ಬೆಳೆದವರಲ್ಲಿ ಬಹಳ ಮಂದಿಯ ಹಲ್ಲು ಕಂದು. ಕೆಲವರಲ್ಲಿ ಸುಣ್ಣ ಬಳಿದಂತೆ ಬಿಳಿ ಮಚ್ಚೆ, ಕೆಲವರಲ್ಲಿ ಹಳದಿ ಪಟ್ಟೆ, ಇನ್ನು ಕೆಲವರಲ್ಲಿ ಇಡೀ ಹಲ್ಲೇ ಚಾಕೊಲೇಟ್ ಬಣ್ಣ. ಉಜ್ಜಿದರೂ ಹೋಗದು, ತಿಕ್ಕಿದರೂ ಹೋಗದು. ಕಲೆ ಮೇಲೆ ಅಂಟಿಕೊಂಡದ್ದಲ್ಲ, ಹಲ್ಲಿನೊಳಗೇ ಹುಟ್ಟಿಕೊಂಡದ್ದು.

ಕಾಲೇಜಿನಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ತೆಗೆದು ನೋಡಿದರು, ಒಂದು ಸಾಲೂ ಇಲ್ಲ. ಊರಿನ ಹಿರಿಯ ದಂತವೈದ್ಯರಿಗೆ ಇದು ದಿನಾ ಕಾಣುವ ಸಂಗತಿ, ಹಾಗಾಗಿ ವಿಶೇಷವೇ ಅಲ್ಲ. ಜನರಿಗೆ ತಮ್ಮದೇ ಕಾರಣಗಳಿದ್ದವು. ಹಂದಿಮಾಂಸ ಹೆಚ್ಚು ತಿಂದದ್ದಕ್ಕೆ ಹೀಗಾಯಿತು ಎನ್ನುವವರಿದ್ದರು. ಕೆಟ್ಟ ಹಾಲು ಕುಡಿದದ್ದಕ್ಕೆ ಎನ್ನುವವರಿದ್ದರು. ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ ಎನ್ನುವವರೂ ಇದ್ದರು. ಕೊನೆಯ ಗುಂಪಿನವರು ವಸ್ತುವನ್ನು ತಪ್ಪಾಗಿ ಹೇಳಿದರೂ ಬೆರಳು ತೋರಿಸಿದ ದಿಕ್ಕು ಸರಿಯಾಗಿತ್ತು ಎಂಬುದು ಗೊತ್ತಾಗಲು ಇನ್ನೂ 30 ವರ್ಷ ಬೇಕಿತ್ತು.

ಕುತೂಹಲದ ಸಂಗತಿ ಎಂದರೆ ಅದೇ 1901ರಲ್ಲಿ ಸಮುದ್ರದಾಚೆ ಇಟಲಿಯಲ್ಲೂ ಒಬ್ಬರು ಇದನ್ನೇ ನೋಡಿದ್ದರು. ನೇಪಲ್ಸ್ ಬಂದರಿನಲ್ಲಿ ಅಮೆರಿಕಕ್ಕೆ ಹಡಗು ಹತ್ತುವ ವಲಸಿಗರನ್ನು ಪರೀಕ್ಷಿಸುತ್ತಿದ್ದ ಜೆ.ಎಂ. ಈಗರ್ ಎಂಬ ಅಮೆರಿಕದ ವೈದ್ಯಾಧಿಕಾರಿ, ಆ ಸೀಮೆಯ ಕೆಲವು ಜನರ ಹಲ್ಲು ಕಪ್ಪಾಗಿರುವುದನ್ನು ವರದಿ ಮಾಡಿದ್ದರು. ಜ್ವಾಲಾಮುಖಿಯ ಹೊಗೆ ಕಾರಣವಿರಬಹುದು ಎಂಬುದು ಅಲ್ಲಿನ ನಂಬಿಕೆ. ಒಂದೇ ವರ್ಷ, ಒಂದೇ ರೋಗ, ಇಬ್ಬರು ಸಾಕ್ಷಿಗಳು. ಆದರೆ ಆಗ ಇಬ್ಬರಿಗೂ ಒಬ್ಬರ ಸುದ್ದಿ ಇನ್ನೊಬ್ಬರಿಗಿರಲಿಲ್ಲ.

ದೊಡ್ಡವರು ನಂಬಲಿಲ್ಲ, ಬಂದು ನೋಡಿದರು

ಮೆಕೇ ತಾವೊಬ್ಬರೇ ಏನೂ ಮಾಡಲಾರರು ಎಂದು ಅರಿತು ಊರಿನ ದಂತವೈದ್ಯರ ಸಂಘದ ಬಾಗಿಲು ತಟ್ಟಿದರು. ಮೊದಮೊದಲು ಯಾರಿಗೂ ಆಸಕ್ತಿ ಇರಲಿಲ್ಲ. ನಿಧಾನಕ್ಕೆ ಕೆಲವರು ಜತೆಗೂಡಿದರು. ಆಗ ದಂತವೈದ್ಯಕೀಯದ ದೊಡ್ಡ ಹೆಸರೆಂದರೆ ಜಿ.ವಿ. ಬ್ಲ್ಯಾಕ್. ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತವೈದ್ಯ ಶಾಲೆಯ ಮುಖ್ಯಸ್ಥರು. ಹುಳುಕು ಹಲ್ಲನ್ನು ಹೇಗೆ ಕೊರೆಯಬೇಕು, ಹೇಗೆ ತುಂಬಬೇಕು ಎಂಬುದಕ್ಕೆ ಅವರು ಹಾಕಿಕೊಟ್ಟ ವರ್ಗೀಕರಣವನ್ನು ಮಂಗಳೂರು, ಮಣಿಪಾಲದ ಡೆಂಟಲ್ ಕಾಲೇಜುಗಳಲ್ಲಿ ಇಂದಿಗೂ ಕಲಿಸುತ್ತಾರೆ. ಅಂಥವರಿಗೆ ಸುದ್ದಿ ತಲುಪಿಸಿದಾಗ ಅವರು ನಂಬಲೇ ಇಲ್ಲ. ಇಷ್ಟು ಕಣ್ಣಿಗೆ ಹೊಡೆಯುವ ದೋಷವೊಂದು ಯಾವ ಗ್ರಂಥದಲ್ಲೂ ದಾಖಲಾಗದೆ ಇರಲು ಸಾಧ್ಯವೇ ಎಂಬುದು ಅವರ ಅನುಮಾನ.

ಅನುಮಾನ ಕಳೆಯಲು ಲೆಕ್ಕ ಬೇಕಿತ್ತು. ಊರಿನ ಸರ್ಕಾರಿ ಶಾಲೆಗಳ 2,945 ಮಕ್ಕಳ ಬಾಯಿ ನೋಡಲಾಯಿತು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಪೈಕಿ ಶೇ 87.5ರಷ್ಟು ಮಂದಿಯ ಹಲ್ಲಿನಲ್ಲಿ ಕಲೆ ಇತ್ತು. ಈ ಅಂಕಿ ಕೇಳಿದ ಮೇಲೆ ಬ್ಲ್ಯಾಕ್ ಸುಮ್ಮನಿರಲಿಲ್ಲ. 70 ದಾಟಿದ ವಯಸ್ಸಿನಲ್ಲಿ, 1909ರಲ್ಲಿ, ಕೊಲರಾಡೊಗೆ ಬಂದರು. ಬೀದಿಯಲ್ಲಿ ಆಡುವ ಮಕ್ಕಳು ನಕ್ಕಾಗ ಕಂಡ ಹಲ್ಲು ನೋಡಿ ದಂಗಾದರು. ಅಲ್ಲಿಂದ ಸಾಯುವ ತನಕ, ಅಂದರೆ 1915ರವರೆಗೆ, ಈ ಕಲೆಯ ಅಧ್ಯಯನ ಬಿಡಲಿಲ್ಲ. ಮಚ್ಚೆಯ ಹಲ್ಲುಗಳನ್ನು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಇಬ್ಬರ ಕೆಲಸ 1916ರಲ್ಲಿ ಪ್ರಕಟವಾದಾಗ ಬ್ಲ್ಯಾಕ್ ಬದುಕಿರಲಿಲ್ಲ.

ಈ ಆರು ವರ್ಷಗಳಲ್ಲಿ ಎರಡು ಸಂಗತಿ ಸ್ಪಷ್ಟವಾದವು. ಮೊದಲನೆಯದು, ಕಲೆ ಬೀಳುವುದು ಹಲ್ಲು ಹುಟ್ಟಿದ ಮೇಲಲ್ಲ, ಹುಟ್ಟುವ ಮುಂಚೆ. ಹಾಲುಹಲ್ಲಿನ ಕೆಳಗೆ, ದವಡೆಯೊಳಗೆ ಶಾಶ್ವತ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಏನೋ ಎಡವಟ್ಟಾಗುತ್ತಿದೆ. ಅದಕ್ಕೇ ದೊಡ್ಡವರಾದ ಮೇಲೆ ಊರಿಗೆ ಬಂದು ನೆಲೆಸಿದವರಿಗೆ ಏನೂ ಆಗುತ್ತಿರಲಿಲ್ಲ. ಅಪ್ಪ, ಅಮ್ಮನ ಹಲ್ಲು ಬೆಳ್ಳಗೆ, ಅಲ್ಲೇ ಹುಟ್ಟಿದ ಮಗುವಿನ ಹಲ್ಲು ಕಂದು. ಶ್ರೀಮಂತರ ಮನೆಯಲ್ಲೂ ಇದೇ, ಗಣಿ ಕೂಲಿಯ ಮನೆಯಲ್ಲೂ ಇದೇ.

ಎರಡನೆಯದು ಇಬ್ಬರನ್ನೂ ಗೊಂದಲಕ್ಕೆ ತಳ್ಳಿತು. ಮಚ್ಚೆ ಬಿದ್ದ ಹಲ್ಲಿನ ಎನಾಮೆಲ್ ಸರಿಯಾಗಿ ಕೂಡಿಕೊಂಡಿರುವುದಿಲ್ಲ. ಅಂದರೆ ಅದು ಬೇಗ ಹುಳುಕಾಗಬೇಕು. ಆಗುತ್ತಿರಲಿಲ್ಲ. ಬೇರೆ ಊರಿನ ಬಿಳಿ ಹಲ್ಲಿನ ಮಕ್ಕಳಿಗಿಂತ ಈ ಕಂದು ಹಲ್ಲಿನ ಮಕ್ಕಳಲ್ಲೇ ಹುಳುಕು ಕಡಿಮೆ. ನೋಡಲು ಅಸಹ್ಯ, ಆದರೆ ಗಟ್ಟಿ. ಮೆಕೇ ಇದನ್ನು ಗುರುತು ಹಾಕಿಕೊಂಡರು. ಆದರೆ ಬೆನ್ನು ಹತ್ತಿದ್ದು ಕಲೆಯನ್ನೇ. ಅವರ ಮುಂದೆ ಕೂರುತ್ತಿದ್ದದ್ದು ಬಾಯಿ ಮುಚ್ಚಿಕೊಂಡು ನಗುವ ಹುಡುಗಿಯರು, ಮಗಳ ಹಲ್ಲು ನೋಡಿ ಕಣ್ಣೀರು ಹಾಕುವ ತಾಯಂದಿರು. ಅವರಿಗೆ ಹುಳುಕಿನ ಲೆಕ್ಕ ಹೇಳಿ ಸಮಾಧಾನ ಮಾಡಲಾಗುತ್ತಿರಲಿಲ್ಲ.

ನೀರಿನಲ್ಲಿ ಏನಿದೆ?

ಬ್ಲ್ಯಾಕ್ ಹೋದ ಮೇಲೆ ಮೆಕೇ ಮತ್ತೆ ಒಂಟಿ. ವಿಶ್ವವಿದ್ಯಾಲಯದ ಹುದ್ದೆ ಇಲ್ಲ, ಪ್ರಯೋಗಾಲಯ ಇಲ್ಲ. ರೋಗಿಗಳ ಹಲ್ಲು ಕಿತ್ತು, ತುಂಬಿ, ಉಳಿದ ಹೊತ್ತಿನಲ್ಲಿ ಪತ್ರ ಬರೆಯುವುದು. ಎಲ್ಲೆಲ್ಲಿ ಇಂಥ ಹಲ್ಲು ಕಾಣುತ್ತದೆಯೋ ಅಲ್ಲಿನ ದಂತವೈದ್ಯರಿಂದ ವಿವರ ತರಿಸಿಕೊಳ್ಳುವುದು, ಸಾಧ್ಯವಾದರೆ ಹೋಗಿ ನೋಡುವುದು. ಕೊಲರಾಡೊದಲ್ಲಿ ಇದಕ್ಕೆ ಕೊಲರಾಡೊ ಕಂದು ಕಲೆ ಎಂಬ ಹೆಸರು, ಟೆಕ್ಸಾಸ್‌ನಲ್ಲಿ ಟೆಕ್ಸಾಸ್ ಹಲ್ಲು ಎಂಬ ಹೆಸರು. ಊರೂರಿಗೂ ತನ್ನದೇ ಹೆಸರಿಟ್ಟುಕೊಂಡು ಪ್ರತಿ ಊರೂ ಇದು ತನ್ನೊಂದರದೇ ಕರ್ಮ ಎಂದುಕೊಂಡಿತ್ತು.

ಮೆಕೇ ಊರುಗಳನ್ನು ಹೋಲಿಸುತ್ತಾ ಹೋದರು. ಗಾಳಿ ಬೇರೆ, ಊಟ ಬೇರೆ, ಜನ ಬೇರೆ. ಉಳಿದದ್ದು ನೀರು. ದಕ್ಷಿಣ ಡಕೋಟಾದ ಬ್ರಿಟನ್ ಎಂಬ ಊರು ಈ ಅನುಮಾನಕ್ಕೆ ಬಲ ಕೊಟ್ಟಿತು. ಅಲ್ಲಿ 1898ರಲ್ಲಿ ಮೇಲ್ಮಟ್ಟದ ಬಾವಿ ಬಿಟ್ಟು ಆಳದಿಂದ ಉಕ್ಕುವ ಕೊಳವೆಬಾವಿಯ ನೀರು ಕೊಡಲು ಶುರುಮಾಡಿದ್ದರು. ಅದಕ್ಕೂ ಮೊದಲೇ ಅಲ್ಲಿ ಬಾಲ್ಯ ಕಳೆದವರ ಹಲ್ಲಿನಲ್ಲಿ ಕಲೆ ಇಲ್ಲ. ಆಮೇಲೆ ಬೆಳೆದವರಲ್ಲಿ ಇದೆ.

ಅತ್ಯಂತ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಐಡಾಹೊ ರಾಜ್ಯದ ಓಕ್ಲೆ ಎಂಬ ಸಣ್ಣ ಊರಿನಲ್ಲಿ. 1923ರಲ್ಲಿ ಬೆಟ್ಟ ದಾಟಿ ಮೆಕೇ ಅಲ್ಲಿಗೆ ಹೋದರು. ಕರೆಸಿದವರು ಮಕ್ಕಳ ಹೆತ್ತವರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪ್ ಹಾಕಿಸಿದ ಮೇಲೆ ಮಕ್ಕಳ ಹಲ್ಲು ಕಂದಾಗತೊಡಗಿತ್ತು ಎಂಬುದನ್ನು ಮೊದಲು ಗಮನಿಸಿದವರು ಅವರೇ. ಮೆಕೇ ಆ ನೀರನ್ನು ಪರೀಕ್ಷೆ ಮಾಡಿಸಿದರು. ಅನುಮಾನ ಪಡುವಂಥದ್ದು ಏನೂ ಸಿಗಲಿಲ್ಲ. ಇಲ್ಲಿ ಇನ್ನೊಬ್ಬರಾಗಿದ್ದರೆ ಕೈಚೆಲ್ಲುತ್ತಿದ್ದರು. ಮೆಕೇ ಹಾಗೆ ಮಾಡದೆ, ಪ್ರಯೋಗಾಲಯದ ವರದಿಗಿಂತ ಮಕ್ಕಳ ಬಾಯನ್ನೇ ಹೆಚ್ಚು ನಂಬಿದರು. ಪೈಪ್‌ಲೈನ್ ಬಿಟ್ಟುಬಿಡಿ, ಬೇರೆ ಬುಗ್ಗೆಯ ನೀರು ತನ್ನಿ ಎಂದು ಊರಿನವರಿಗೆ ಸಲಹೆ ಕೊಟ್ಟರು.

ಕಾರಣ ಗೊತ್ತಿಲ್ಲದ ಒಬ್ಬ ಡಾಕ್ಟರ್ ಮಾತಿಗೆ ಒಂದು ಊರು ಖರ್ಚು ಮಾಡಿ ನೀರಿನ ಮೂಲವನ್ನೇ ಬದಲಿಸಿತು. 1925ರಲ್ಲಿ ಹೊಸ ನೀರು ಬಂತು. ಫಲ ಕಾಣಲು ಮತ್ತೆ ವರ್ಷಗಟ್ಟಲೆ ಕಾಯಬೇಕು, ಏಕೆಂದರೆ ಅಂದು ಹುಟ್ಟಿದ ಕೂಸಿಗೆ ಶಾಶ್ವತ ಹಲ್ಲು ಬರಲು ಆರೇಳು ವರ್ಷ. 1933ರಲ್ಲಿ ಮೆಕೇ ಇದರ ವರದಿ ಪ್ರಕಟಿಸಿದರು. ಹೊಸ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಲೆ ಇಲ್ಲದೆ ಬಂದಿತ್ತು.

ಉತ್ತರ ಕೊಟ್ಟಿದ್ದು ಅಲ್ಯೂಮಿನಿಯಂ ಕಂಪನಿ

ಆದರೆ ನೀರಿನಲ್ಲಿರುವ ವಸ್ತು ಯಾವುದು? ಇದಕ್ಕೆ ಉತ್ತರ ಬಂದ ದಾರಿ ವಿಚಿತ್ರ.

ಅರ್ಕಾನ್ಸಾ ರಾಜ್ಯದಲ್ಲಿ ಬಾಕ್ಸೈಟ್ ಎಂಬ ಹೆಸರಿನ ಊರೇ ಇದೆ. ಅಲ್ಯೂಮಿನಿಯಂ ಅದಿರಿನ ಹೆಸರೇ ಊರಿನ ಹೆಸರು. ಅಲ್ಕೋವಾ ಎಂಬ ದೊಡ್ಡ ಅಲ್ಯೂಮಿನಿಯಂ ಕಂಪನಿ ಕಟ್ಟಿಸಿದ ಗಣಿ ಊರು ಅದು. ಅಲ್ಲಿ ಮಕ್ಕಳ ಹಲ್ಲು ಕಂದು, ಐದು ಮೈಲಿ ಆಚೆಯ ಇನ್ನೊಂದು ಊರಿನಲ್ಲಿ ಬೆಳ್ಳಗೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯ ಗ್ರೋವರ್ ಕೆಂಪ್ ಜತೆ ಮೆಕೇ ಅಲ್ಲಿಗೆ ಹೋದರು. ಮತ್ತೆ ನೀರು ಪರೀಕ್ಷೆ, ಮತ್ತೆ ಅದೇ ಉತ್ತರ: ಏನೂ ಇಲ್ಲ. ಇಬ್ಬರೂ ಕಂಡದ್ದನ್ನು ಕಂಡಂತೆ ಬರೆದು 1930ರಲ್ಲಿ ವರದಿ ಪ್ರಕಟಿಸಿದರು.

ಆ ವರದಿ ಅಲ್ಕೋವಾ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ಮೇಜಿಗೆ ಬಂತು. ಇವರಿಗೂ ಬ್ರಿಟನ್ ಪ್ರಧಾನಿಗೂ ಸಂಬಂಧವಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಡುಗೆ ಮಾಡಿದರೆ ವಿಷ ಎಂಬ ಆರೋಪ ಆಗ ಜೋರಾಗಿತ್ತು. ಅದನ್ನು ಅಲ್ಲಗಳೆಯುವುದರಲ್ಲೇ ಚರ್ಚಿಲ್ ಕೆಲವು ವರ್ಷ ಕಳೆದಿದ್ದರು. ಈಗ ಕಂಪನಿಯ ಊರಿನಲ್ಲೇ ಮಕ್ಕಳ ಹಲ್ಲು ಕೆಟ್ಟಿದೆ ಎಂಬ ಸುದ್ದಿ ಹರಡಿದರೆ ವ್ಯಾಪಾರ ಮುಗಿದಂತೆ. ಮಕ್ಕಳ ಮೇಲಿನ ಪ್ರೀತಿಗಿಂತ ಪಾತ್ರೆಯ ಮೇಲಿನ ಚಿಂತೆಯೇ ಹೆಚ್ಚಿತ್ತೆನ್ನಬೇಕು. ಹೇಗಾದರೂ ಇರಲಿ, ಅವರ ಬಳಿ ಮೆಕೇ ಬಳಿ ಇಲ್ಲದ್ದೊಂದಿತ್ತು. ವಸ್ತುವನ್ನು ಉರಿಸಿ ಅದರ ಬೆಳಕಿನ ಗೆರೆಗಳಿಂದ ಮೂಲಧಾತು ಪತ್ತೆ ಹಚ್ಚುವ ರೋಹಿತ ಯಂತ್ರ.

ಕೆಲ ದಿನಗಳ ಪರೀಕ್ಷೆಯ ನಂತರ ಸಹಾಯಕ ತಂದ ಫಲಿತಾಂಶವನ್ನು ಚರ್ಚಿಲ್ ನಂಬಲಿಲ್ಲ. ನೀರಿನಲ್ಲಿ ಫ್ಲೋರೈಡ್ ಇದೆ ಎನ್ನುತ್ತಿತ್ತು ಯಂತ್ರ. ಕುಡಿಯುವ ನೀರಿನಲ್ಲಿ ಅದನ್ನು ಹುಡುಕುವ ರೂಢಿಯೇ ಆಗ ಇರಲಿಲ್ಲ. ಮೆಕೇ ಮಾಡಿಸಿದ ಪರೀಕ್ಷೆಗಳಲ್ಲಿ ಏನೂ ಸಿಗದಿದ್ದುದಕ್ಕೆ ಕಾರಣವೂ ಅದೇ. ಮತ್ತೊಮ್ಮೆ ನೀರು ತರಿಸಿ ನೋಡಿದರು. ಉತ್ತರ ಬದಲಾಗಲಿಲ್ಲ. 1931ರ ಜನವರಿಯಲ್ಲಿ ಚರ್ಚಿಲ್ ಐದು ಪುಟದ ಪತ್ರ ಬರೆದು ಮೆಕೇ ಅವರಿಗೆ ವಿಷಯ ತಿಳಿಸಿದರು, ಕಲೆ ಇರುವ ಬೇರೆ ಊರುಗಳ ನೀರನ್ನೂ ಕಳಿಸುವಂತೆ ಕೇಳಿದರು.

ಊರುಗಳ ಪಟ್ಟಿ ಮೆಕೇ ಬಳಿ ಸಿದ್ಧವಾಗಿಯೇ ಇತ್ತು, 30 ವರ್ಷದಿಂದ. ಬಾಟಲಿಗಳು ಹೊರಟವು. ಬಾಕ್ಸೈಟ್ ಊರಿನ ನೀರಿನಲ್ಲಿ ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್. ಓಕ್ಲೆಯ ಹಳೇ ಬುಗ್ಗೆಯಲ್ಲಿ 6. ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ 2. ಎಲ್ಲೆಲ್ಲಿ ಕಂದು ಹಲ್ಲೋ ಅಲ್ಲಲ್ಲಿ ಫ್ಲೋರೈಡ್. ಅದೇ ವರ್ಷ ಅರಿಜೋನಾದಲ್ಲಿ ಮಾರ್ಗರೆಟ್ ಸ್ಮಿತ್ ಮತ್ತು ಸಂಗಡಿಗರು ಸ್ವತಂತ್ರವಾಗಿ, ಇಲಿಗಳ ಮೇಲೆ ಪ್ರಯೋಗ ಮಾಡಿ ಇದೇ ತೀರ್ಮಾನಕ್ಕೆ ಬಂದರು. ಪೈಕ್ಸ್ ಪೀಕ್ ಬೆಟ್ಟದ ಬಂಡೆಯಲ್ಲಿ ಫ್ಲೋರಿನ್ ಇರುವ ಖನಿಜಗಳಿವೆ. ಅದನ್ನು ತೊಳೆದುಕೊಂಡು ಹರಿದ ನೀರೇ ಊರಿನ ಮಕ್ಕಳ ಲೋಟಕ್ಕೆ ಬರುತ್ತಿತ್ತು.

27ರ ಹರೆಯದಲ್ಲಿ ಕೇಳಿದ ಪ್ರಶ್ನೆಗೆ ಮೆಕೇ ಅವರಿಗೆ ಉತ್ತರ ಸಿಕ್ಕಾಗ ವಯಸ್ಸು 57ರ ಹತ್ತಿರ. ವಸ್ತುವಿನ ಹೆಸರು ಹೇಳಿದ್ದು ಚರ್ಚಿಲ್ ಇರಬಹುದು. ಆದರೆ ಆ ಪತ್ರವನ್ನು ಯಾರಿಗೆ ಬರೆಯಬೇಕು ಎಂಬ ವಿಷಯದಲ್ಲಿ ಚರ್ಚಿಲ್ ಅವರಿಗೆ ಅನುಮಾನ ಬರಲಿಲ್ಲ.

ಅತ್ತ ನೆಲ್ಲೂರು, ಇತ್ತ ಪಾವಗಡ

ಈ ಸುದ್ದಿ ಭಾರತಕ್ಕೆ ತಲುಪಲು ಹೆಚ್ಚು ಕಾಲ ಹಿಡಿಯಲಿಲ್ಲ. 1937ರಲ್ಲಿ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಎಚ್.ಇ. ಶಾರ್ಟ್ ಮತ್ತು ಸಹೋದ್ಯೋಗಿಗಳು ಇದೇ ಮಚ್ಚೆಯ ಹಲ್ಲನ್ನು ಕಂಡರು. ಅಲ್ಲಿ ವಿಷಯ ಹಲ್ಲಿಗೆ ನಿಂತಿರಲಿಲ್ಲ. ವರ್ಷಾನುಗಟ್ಟಲೆ ಆ ನೀರು ಕುಡಿದವರ ಬೆನ್ನುಮೂಳೆ ಸೆಟೆದು, ಕೀಲು ಹಿಡಿದು, ನಡೆಯಲಾಗದ ಸ್ಥಿತಿ. ಮೂಳೆಯ ಫ್ಲೋರೋಸಿಸ್ ಎಂದು ಈಗ ಕರೆಯುವ ಕಾಯಿಲೆ ಅದು. ಮುಂದೆ ಹೈದರಾಬಾದ್ ಪಕ್ಕದ ನಲ್ಗೊಂಡ ಇದಕ್ಕೆ ಕುಖ್ಯಾತವಾಯಿತು. ನಾಗಪುರದ ನೀರಿ ಸಂಸ್ಥೆ ಪಟಿಕ, ಸುಣ್ಣ ಹಾಕಿ ನೀರಿನ ಫ್ಲೋರೈಡ್ ಇಳಿಸುವ ವಿಧಾನ ರೂಪಿಸಿದಾಗ ಅದಕ್ಕೆ ಇಟ್ಟದ್ದು ನಲ್ಗೊಂಡ ವಿಧಾನ ಎಂಬ ಹೆಸರನ್ನೇ.

ಕರ್ನಾಟಕದಲ್ಲಿ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಸೀಮೆಯವರಿಗೆ ಫ್ಲೋರೈಡ್ ನೀರು ಎಂದರೆ ವಿವರಿಸಬೇಕಿಲ್ಲ. ಮೇಲಿನ ಬಾವಿ ಬತ್ತಿ, ಕೊಳವೆಬಾವಿ ಆಳಕ್ಕೆ ಇಳಿದು, ಗ್ರಾನೈಟ್ ಬಂಡೆಯ ಸಂದಿನ ನೀರು ಮೇಲೆ ಬಂದಂತೆ ಫ್ಲೋರೈಡೂ ಬಂತು. 1898ರಲ್ಲಿ ಬ್ರಿಟನ್ ಊರಿನಲ್ಲಿ ನಡೆದದ್ದೂ ಆಳದ ನೀರಿನ ಕತೆಯೇ ಎಂಬುದನ್ನು ನೆನೆದರೆ, ಮೆಕೇ ದಾಖಲಿಸಿದ್ದನ್ನು ಓದಿ ಪಾಠ ಕಲಿಯಲು ನಮಗೆ ಸಾಕಷ್ಟು ಸಮಯವಿತ್ತು. ಭಾರತದ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಒಪ್ಪಬಹುದು, ಬೇರೆ ನೀರೇ ಇಲ್ಲವೆಂದರೆ 1.5 ಮಿತಿ.

ಕಲೆಯಿಂದ ಕಾವಲಿನ ಕಡೆಗೆ

ಅಮೆರಿಕದಲ್ಲಿ ಪ್ರಶ್ನೆಯ ದಿಕ್ಕು ಈಗ ತಿರುಗಿತು. ಫ್ಲೋರೈಡ್ ಜಾಸ್ತಿಯಾದರೆ ಕಲೆ, ಸರಿ. ಹುಳುಕು ಕಡಿಮೆ ಎಂದು ಮೆಕೇ ಮತ್ತು ಬ್ಲ್ಯಾಕ್ ಗುರುತು ಹಾಕಿಕೊಂಡಿದ್ದರಲ್ಲ, ಅದಕ್ಕೂ ಇದೇ ಕಾರಣವೇ? ಮೆಕೇ 1928ರಲ್ಲೇ ಈ ಸಂಬಂಧದ ಬಗ್ಗೆ ಲೇಖನ ಬರೆದಿದ್ದರು. ಕಲೆ ಬೀಳದಷ್ಟು ಕಡಿಮೆ, ಹುಳುಕು ತಡೆಯುವಷ್ಟು ಹೆಚ್ಚು, ಇವೆರಡರ ನಡುವೆ ಒಂದು ಪ್ರಮಾಣ ಇದೆಯೇ ಎಂದು ಹುಡುಕುವ ಕೆಲಸವನ್ನು ಸರ್ಕಾರಿ ದಂತವೈದ್ಯ ಟ್ರೆಂಡ್ಲಿ ಡೀನ್ ಕೈಗೆತ್ತಿಕೊಂಡರು. ಅವರ ಜತೆಗಾರ ಎಲಿಯಾಸ್ ಎಲ್ವೋವ್ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಫ್ಲೋರೈಡನ್ನೂ ಅಳೆಯುವ ವಿಧಾನ ಕೊಟ್ಟರು. ಕಲೆಯ ತೀವ್ರತೆ ಅಳೆಯಲು ಡೀನ್ ಮಾಡಿದ ಸೂಚ್ಯಂಕವನ್ನು ನಮ್ಮ ಜಿಲ್ಲೆಗಳ ಸಮೀಕ್ಷೆಗಳಲ್ಲಿ ಈಗಲೂ ಬಳಸುತ್ತಾರೆ.

21 ನಗರಗಳ 12ರಿಂದ 14 ವರ್ಷದ 7,257 ಮಕ್ಕಳ ಹಲ್ಲು ನೋಡಿ ಡೀನ್ ತಂಡ 1942ರಲ್ಲಿ ಹೇಳಿದ್ದು ಇಷ್ಟು: ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಕಣ್ಣಿಗೆ ರಾಚುವ ಕಲೆ ಇಲ್ಲ, ಹುಳುಕು ಮಾತ್ರ ಸುಮಾರು ಅರ್ಧದಷ್ಟು ಕಡಿಮೆ. 1945ರ ಜನವರಿ 25ರಂದು ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಿತು. ಜಗತ್ತಿನಲ್ಲಿ ಹೀಗೆ ಮಾಡಿದ ಮೊದಲ ನಗರ ಅದು. ಪಕ್ಕದ ಮಸ್ಕೀಗನ್ ನಗರವನ್ನು ಹೋಲಿಕೆಗೆಂದು ಹಾಗೇ ಬಿಡಲಾಯಿತು. ಫಲಿತಾಂಶ ಬರತೊಡಗಿದಾಗ ಮಸ್ಕೀಗನ್ ಜನ ಕಾಯಲು ಒಪ್ಪಲಿಲ್ಲ. 1951ರಲ್ಲಿ ಅವರೂ ಬೆರೆಸಿಕೊಂಡರು. ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಯೋಜನೆ ಶುರುವಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ 60ಕ್ಕಿಂತ ಹೆಚ್ಚು ಇಳಿದಿತ್ತು.

ನೀರಿಗೆ ಬೆರೆಸುವುದರ ಬಗ್ಗೆ ಜಗಳ ಅಂದೇ ಶುರುವಾಗಿ ಇಂದಿಗೂ ಮುಗಿದಿಲ್ಲ. ಅಮೆರಿಕದ ಯೂಟಾ ಮತ್ತು ಫ್ಲೋರಿಡಾ ರಾಜ್ಯಗಳು 2025ರಲ್ಲಿ ಅದನ್ನು ನಿಷೇಧಿಸಿದವು. ಎಲ್ಲರ ಮನೆಯಲ್ಲೂ ಫ್ಲೋರೈಡ್ ಪೇಸ್ಟ್ ಇರುವ ಈ ಕಾಲದಲ್ಲಿ ನೀರಿನಿಂದ ಸಿಗುವ ಹೆಚ್ಚುವರಿ ಲಾಭ ಮೊದಲಿಗಿಂತ ಕಡಿಮೆ ಎಂದು 2024ರ ಕೊಕ್ರೇನ್ ವಿಮರ್ಶೆಯೂ ಹೇಳಿದೆ. ನೆಲದಡಿಯಲ್ಲೇ ಬೇಕಾದ್ದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ಭಾರತದ ಸೀಮೆಗಳಲ್ಲಂತೂ ಬೆರೆಸುವ ಮಾತೇ ಇಲ್ಲ, ತೆಗೆಯುವುದೇ ತಲೆನೋವು.

ಬ್ರಷ್ ತುದಿಗೆ ಬಂದದ್ದು ಹೀಗೆ

ಮೆಕೇ ವೃತ್ತಿ ಶುರು ಮಾಡಿದ ಕಾಲದಲ್ಲಿ ಅಮೆರಿಕದವರೆಲ್ಲ ದಿನಾ ಹಲ್ಲುಜ್ಜುತ್ತಿದ್ದರು ಎಂದುಕೊಳ್ಳಬೇಡಿ. ಬ್ರಷ್‌ಗೆ ಹಂದಿಯ ಕೂದಲು ಹಾಕುತ್ತಿದ್ದರು, ನೈಲಾನ್ ಎಳೆಯ ಬ್ರಷ್ ಬಂದದ್ದೇ 1938ರಲ್ಲಿ. ಬೇವಿನ ಕಡ್ಡಿ, ಇದ್ದಿಲು, ಉಪ್ಪು ಬಳಸುತ್ತಿದ್ದ ನಮ್ಮ ಹಳ್ಳಿಗಳ ಬೆಳಗಿನ ಶಿಸ್ತು ಅವರಿಗಿಂತ ಹಳೆಯದು. ಅಂದಿನ ಪೇಸ್ಟ್, ಪುಡಿಗಳು ಕೊಳೆ ತಿಕ್ಕಿ ತೆಗೆಯುತ್ತಿದ್ದವು, ಬಾಯಿಗೆ ಪರಿಮಳ ಕೊಡುತ್ತಿದ್ದವು, ಅಷ್ಟೇ. ಹುಳುಕು ನಿಲ್ಲಿಸುವ ಶಕ್ತಿ ಅವಕ್ಕಿರಲಿಲ್ಲ.

ಪೇಸ್ಟ್‌ಗೆ ಫ್ಲೋರೈಡ್ ಸೇರಿಸುವುದು ಸುಲಭವಾಗಿರಲಿಲ್ಲ. ಪೇಸ್ಟ್‌ನಲ್ಲಿ ತಿಕ್ಕಲು ಹಾಕುವ ಸುಣ್ಣದ ಜಾತಿಯ ಪುಡಿಯೇ ಫ್ಲೋರೈಡನ್ನು ಹಿಡಿದುಕೊಂಡು ನಿಷ್ಪ್ರಯೋಜಕ ಮಾಡಿಬಿಡುತ್ತಿತ್ತು. ಇಂಡಿಯಾನಾ ವಿಶ್ವವಿದ್ಯಾಲಯದ ಜೋಸೆಫ್ ಮ್ಯೂಲರ್ ಮತ್ತು ಸಂಗಡಿಗರು ತವರದ ಫ್ಲೋರೈಡ್ ಬಳಸಿ, ಅದಕ್ಕೆ ಹೊಂದುವ ಪುಡಿ ಹುಡುಕಿದರು. 1950ರ ದಶಕದ ಮಧ್ಯದಲ್ಲಿ ಕ್ರೆಸ್ಟ್ ಎಂಬ ಹೆಸರಿನಲ್ಲಿ ಅದು ಅಂಗಡಿಗೆ ಬಂತು.

ಕೆಲಸ ಮಾಡುವ ರೀತಿ ಸರಳ. ಸಿಹಿ, ಪಿಷ್ಟ ತಿಂದಾಗ ಹಲ್ಲಿಗೆ ಅಂಟಿದ ಪದರದಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲ ಉಂಟುಮಾಡುತ್ತವೆ. ಆಮ್ಲ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟನ್ನು ಕರಗಿಸುತ್ತದೆ. ಸ್ವಲ್ಪ ಹೊತ್ತಿಗೆ ಎಂಜಲು ಆಮ್ಲವನ್ನು ತಗ್ಗಿಸಿ ಕಳೆದುಹೋದ ಖನಿಜವನ್ನು ಮತ್ತೆ ಕೂರಿಸುತ್ತದೆ. ದಿನವಿಡೀ ಬಾಯಲ್ಲಿ ಈ ಕೊಡು-ಕೊಳ್ಳು ನಡೆದೇ ಇರುತ್ತದೆ. ಆಗ ಎಂಜಲಲ್ಲಿ ಚೂರು ಫ್ಲೋರೈಡ್ ಇದ್ದರೆ ಮರಳಿ ಕೂರುವ ಖನಿಜ ಮೊದಲಿನದಕ್ಕಿಂತ ಗಟ್ಟಿಯಾಗಿ, ಆಮ್ಲಕ್ಕೆ ಸುಲಭಕ್ಕೆ ಕರಗದಂತೆ ಕೂರುತ್ತದೆ. ನುಂಗುವುದರಿಂದ ಲಾಭ ಎಂದು ಹಿಂದೆ ತಿಳಿದಿದ್ದರು. ಹಲ್ಲಿನ ಮೇಲ್ಮೈಗೆ ತಾಗುವುದರಿಂದಲೇ ಹೆಚ್ಚಿನ ಲಾಭ ಎಂಬುದು ಆಮೇಲಿನ ತಿಳಿವಳಿಕೆ.

ಹಾಗಾಗಿಯೇ ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಉಜ್ಜಬೇಕು ಎನ್ನುವುದು. ರಾತ್ರಿ ಮಲಗುವ ಮುಂಚಿನದ್ದನ್ನು ತಪ್ಪಿಸಲೇಬಾರದು, ನಿದ್ದೆಯಲ್ಲಿ ಎಂಜಲು ಕಡಿಮೆ. ನಮ್ಮಲ್ಲಿ ಬೆಳಗ್ಗೆ ಉಜ್ಜದೆ ಕಾಫಿ ಕುಡಿಯದವರೂ ರಾತ್ರಿಯದ್ದನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ಚೊಂಬುಗಟ್ಟಲೆ ನೀರಲ್ಲಿ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದು ಹೋಗುತ್ತದೆ. ಭಾರತದಲ್ಲಿ ಪೇಸ್ಟ್‌ನ ಫ್ಲೋರೈಡ್ ಮಿತಿ 1,000 ಪಿಪಿಎಂ. ನೀರಿನ ಮಿತಿ ಲೀಟರಿಗೆ 1 ಮಿಲಿಗ್ರಾಂ, ಅಂದರೆ 1 ಪಿಪಿಎಂ. ಈ ಅಂತರ ನೋಡಿದರೆ ಮಗು ಪೇಸ್ಟ್ ನುಂಗದಂತೆ ಏಕೆ ನೋಡಿಕೊಳ್ಳಬೇಕು ಎಂಬುದು ತಿಳಿಯುತ್ತದೆ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಅಲೆಯಂತೆ ಹಾಕುವುದು ಮಾರಾಟದ ಲೆಕ್ಕ. ದವಡೆಯೊಳಗೆ ಶಾಶ್ವತ ಹಲ್ಲು ತಯಾರಾಗುವುದು ಸುಮಾರು ಎಂಟು ವರ್ಷದವರೆಗೆ. ನುಂಗಿದ ಫ್ಲೋರೈಡ್ ಹೆಚ್ಚಾದರೆ ಮಚ್ಚೆ ಬೀಳುವ ಅಪಾಯ ಇರುವುದೂ ಆ ವಯಸ್ಸಿನವರೆಗೇ, ಇದು ಮೆಕೇ ಮತ್ತು ಬ್ಲ್ಯಾಕ್ ಕಂಡುಕೊಂಡದ್ದೇ. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಸೀಮೆಯವರು ಮಕ್ಕಳ ಪೇಸ್ಟ್ ಆರಿಸುವ ಮುಂಚೆ ದಂತವೈದ್ಯರನ್ನು ಕೇಳುವುದು ಒಳ್ಳೆಯದು.

ಮೆಕೇ 1959ರಲ್ಲಿ, 85ರ ವಯಸ್ಸಿನಲ್ಲಿ ತೀರಿಕೊಂಡರು. ನೂರಾರು ಊರುಗಳ ನಲ್ಲಿ ನೀರಿಗೆ ಫ್ಲೋರೈಡ್ ಸೇರಿದ್ದನ್ನೂ, ಅಂಗಡಿಯಲ್ಲಿ ಹೊಸ ಪೇಸ್ಟ್ ಬಂದದ್ದನ್ನೂ ಅವರು ನೋಡಿದ್ದರು. ಹುಳುಕು ತಡೆಯುವುದರಲ್ಲಿ ಆ ಪೇಸ್ಟ್ ಪರಿಣಾಮಕಾರಿ ಎಂದು ಅಮೆರಿಕದ ದಂತವೈದ್ಯರ ಸಂಘ ಮೊದಲ ಬಾರಿಗೆ ಅಧಿಕೃತವಾಗಿ ಒಪ್ಪಿದ್ದು ಮರುವರ್ಷ, 1960ರ ಆಗಸ್ಟ್‌ನಲ್ಲಿ.